ಮೊದಲು ಹೊನ್ನಾವರಕ್ಕೆ ಹೋಗಿ ಬಾ

ಪ್ರೀತಿಯ ತಮ್ಮಾ,

ನಿನ್ನ ಚಿತ್ರಕಥೆ ಎರಡು ಸಲ ಓದಿದೆ. ಐನೂರು ವರ್ಷಗಳ ಹಿಂದೆ ಕಡಲಲ್ಲಿ ಹಡಗು ಅಡ್ಡಗಟ್ಟುತ್ತಿದ್ದ ಹೊನ್ನಾವರದ ತಿಮ್ಮೋಜನ ಮೇಲೆ ಕನ್ನಡದಲ್ಲಿ ಸಿನಿಮಾ ಬರೆಯುವ ಹುಡುಗ ಒಬ್ಬ ಬಂದನಲ್ಲ ಅಂತ ತುಂಬಾ ಖುಷಿಯಾಯಿತು. ಆದರೆ ಒಂದು ಮಾತು ಕೇಳುತ್ತೇನೆ. ನೀನು ಇನ್ನೂ ಆ ಊರಿಗೆ ಹೋಗಿಲ್ಲ ಅಲ್ವಾ? ಹೋಗಿದ್ದರೆ ನಿನ್ನ ಮೊದಲ ದೃಶ್ಯದಲ್ಲಿ ಸೂರ್ಯ ಸಮುದ್ರದಿಂದ ಮೇಲೇಳುತ್ತಿರಲಿಲ್ಲ. ಅಲ್ಲಿ ಬೆಳಕು ಹರಿಯುವುದು ಬೆನ್ನ ಹಿಂದಿನ ಘಟ್ಟದ ಕಡೆಯಿಂದ.

ಅದು ಸಣ್ಣ ತಪ್ಪು, ತಿದ್ದಬಹುದು. ನನಗೆ ಚಿಂತೆ ಆದದ್ದು ತಿಮ್ಮೋಜನ ಬಗ್ಗೆ. ತಲೆಗೆ ಬಟ್ಟೆ ಸುತ್ತಿ, ಹಲ್ಲಲ್ಲಿ ಚೂರಿ ಕಚ್ಚಿಕೊಂಡು ಹಡಗಿಗೆ ಹಾರುತ್ತಾನೆ. ಈ ಮನುಷ್ಯನನ್ನು ನೀನು ಬೇರೆ ಯಾವುದೋ ಸಿನಿಮಾದಲ್ಲಿ ನೋಡಿದ್ದೀಯ.

ಅವನನ್ನು ಕಡಲ್ಗಳ್ಳ ಅಂತ ಬರೆದಿಟ್ಟವರು ಪೋರ್ಚುಗೀಸರು. ಅವನ ಕೆಲಸ ಏನಿತ್ತು ನೋಡು. ಪಡುವಣ ದೇಶಗಳಿಂದ ಕುದುರೆ ತುಂಬಿಕೊಂಡು ಹಡಗುಗಳು ಬರುತ್ತಿದ್ದವು. ಗೋವಾದಲ್ಲಿ ಇಳಿದರೆ ಆ ಕುದುರೆಗಳು ಬಿಜಾಪುರಕ್ಕೆ. ಭಟ್ಕಳದಲ್ಲೋ ಹೊನ್ನಾವರದಲ್ಲೋ ಇಳಿದರೆ ವಿಜಯನಗರಕ್ಕೆ. ತಿಮ್ಮೋಜ ಹಡಗುಗಳನ್ನು ಅಡ್ಡಗಟ್ಟಿ ಈ ಕಡೆ ತಿರುಗಿಸುತ್ತಿದ್ದ. ಕುದುರೆ ವ್ಯಾಪಾರಿ ಅವನಿಗೆ ಶಾಪ ಹಾಕಿರಬೇಕು. ಹಂಪಿಯ ಲಾಯದಲ್ಲಿ ಅವನ ಹೆಸರು ಹೇಗೆ ಹೇಳುತ್ತಿದ್ದರು? ಬರಿ ಅದನ್ನು. 1505ರಲ್ಲಿ ಪೋರ್ಚುಗೀಸರು ಹೊನ್ನಾವರದ ಮೇಲೆ ಬಿದ್ದು ಬೆಂಕಿ ಹಾಕಿದರು. ಐದು ವರ್ಷ ಕಳೆದ ಮೇಲೆ, 1510ರಲ್ಲಿ, ಗೋವಾ ಹಿಡಿ ಅಂತ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕನಿಗೆ ಹೇಳಿದವನು ಇದೇ ತಿಮ್ಮೋಜ. ತನ್ನ ಊರು ಸುಟ್ಟವರ ಜೊತೆ ಯಾಕೆ ಸೇರಿದ? ನಿನ್ನ ಕಥೆಯಲ್ಲಿ ಯಾರೂ ಇದನ್ನು ಅವನಿಗೆ ಕೇಳುವುದೇ ಇಲ್ಲ. ಅವನ ಹೆಂಡತಿಯಾದರೂ ಕೇಳಬೇಕಲ್ಲ!

ಪೋರ್ಚುಗೀಸರ ಹಳೆಯ ಬರಹಗಳಲ್ಲಿ ಒಂದು ಕಥೆ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಆಚೆ ಅಂಜದೀವ್ ದ್ವೀಪದಲ್ಲಿ ನಿಂತಿದ್ದಾಗ ತಿಮ್ಮೋಜ ಎಂಟು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಹಸಿರು ಕೊಂಬೆ ಮುಚ್ಚಿ ಕಳಿಸಿದನಂತೆ. ನೀರಿನ ಮೇಲೆ ಒಂದು ಕಾಡು ತೇಲಿ ಬಂದ ಹಾಗೆ. ಪೋರ್ಚುಗೀಸರು ಗುಂಡು ಹಾರಿಸಿದರು, ಕಾಡು ಚದುರಿ ಹೋಯಿತು. ನೀನು ಇದನ್ನು ಅವರ ಹಡಗಿನ ಮೇಲಿಂದ ಬರೆದಿದ್ದೀಯ. ಒಂದು ಸಲ ಕೊಂಬೆಗಳ ಕೆಳಗೆ ಕೂತು ಬರಿ. ಮುರಿದ ಸೊಪ್ಪಿನ ವಾಸನೆ. ಎಲೆಯ ಜೊತೆ ಬಂದ ಚಗಳಿ ಇರುವೆ ಕುತ್ತಿಗೆಗೆ ಕಚ್ಚುತ್ತಿದೆ, ಕೈ ಎತ್ತುವಂತಿಲ್ಲ. ಪಕ್ಕದವನ ಉಸಿರು ಕೇಳುತ್ತಿದೆ. ಎಲೆಗಳ ಸಂದಿಯಲ್ಲಿ, ಇವರು ಹಿಂದೆಂದೂ ನೋಡಿರದ ತರದ ಹಡಗು. ಈ ಒಂದು ದೃಶ್ಯಕ್ಕಾಗಿ ನಾನು ನಿನ್ನ ಸಿನಿಮಾ ನೋಡಲು ಬರುತ್ತೇನೆ.

ಅಂಜದೀವ್ ಈಗ ನೌಕಾಪಡೆಯ ಕೈಯಲ್ಲಿದೆ, ಅಲ್ಲಿ ಚಿತ್ರೀಕರಣದ ಆಸೆ ಬಿಡು. ಶರಾವತಿಯ ಅಳಿವೆಯಲ್ಲೇ ಮಾಡಬಹುದು. ಆದರೆ ನದಿಯ ಮೇಲೆ ಹೆದ್ದಾರಿ ಸೇತುವೆ ಇದೆ, ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ ಇದೆ. ಕ್ಯಾಮೆರಾ ಯಾವ ಕಡೆ ತಿರುಗಿದರೆ ಇವೆರಡೂ ಕಾಣುವುದಿಲ್ಲ ಅಂತ ನಿನ್ನ ಕಾಲಲ್ಲೇ ನಡೆದು ನೋಡಿಕೋ. ಆಮೇಲೆ ದೃಶ್ಯ ಬರಿ.

ಸಮುದ್ರದ ಭರತ-ಇಳಿತದ ಲೆಕ್ಕ ತಪ್ಪದೆ ಕಲಿ. ವರ್ಷಗಳ ಹಿಂದೆ ಆ ಕರಾವಳಿಯಲ್ಲೇ ನನ್ನದೊಂದು ದೃಶ್ಯ ಚಿತ್ರೀಕರಣ ಆಗುತ್ತಿತ್ತು. ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ದೋಣಿಯಿಂದ ಸೊಂಟದ ಮಟ್ಟದ ನೀರಿಗೆ ಇಳಿಯಬೇಕು. ಅರ್ಧ ತೆಗೆದಾಗ ಮಳೆ ಬಂತು. ನಾಲ್ಕು ದಿನ ಬಿಟ್ಟು ಅದೇ ಬೆಳಗಿನ ಹತ್ತು ಗಂಟೆಗೆ ಬಂದರೆ ಅಲ್ಲಿ ಬರೀ ಕೆಸರು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ನಾಲ್ಕು ದಿನಕ್ಕೆ ಮೂರು ಗಂಟೆಗೂ ಜಾಸ್ತಿ. ಆ ದೃಶ್ಯ ಕೊನೆಗೂ ಪೂರ್ತಿ ಆಗಲಿಲ್ಲ. ಇವತ್ತಿಗೂ ನನಗೆ ಅದರ ನೋವಿದೆ.

ಇನ್ನೊಂದು. ನಿನ್ನ ಹೊನ್ನಾವರದಲ್ಲಿ ಹೆಂಡದ ಅಂಗಡಿ, ಹೊಡೆದಾಟ ಬಿಟ್ಟರೆ ಏನೂ ಇಲ್ಲ. ತಿಮ್ಮೋಜನಿಗಿಂತ ಸುಮಾರು ನೂರೈವತ್ತು ವರ್ಷ ಮೊದಲು ಮೊರಾಕೊದ ಪ್ರವಾಸಿ ಇಬ್ನ್ ಬತೂತ ಆ ಊರಿಗೆ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅಂತ ಬರೆದಿದ್ದಾನೆ. ಅಂಥ ಊರು ಅದು. ಓದುವ ಹುಡುಗಿ ಒಬ್ಬಳು ನಿನ್ನ ಕಥೆಯ ಬೀದಿಯಲ್ಲಿ ಒಂದು ಸಲವಾದರೂ ನಡೆದು ಹೋಗಲಿ.

ಯಾವಾಗ ಹೋಗಲಿ ಅಂತ ಕೇಳುತ್ತೀಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ, ಜನ ಬಲೆ ಸರಿಮಾಡುತ್ತಾ ಕೂತಿರುತ್ತಾರೆ. ಅವರಿಗೆ ಮಾತಾಡಲು ಪುರುಸೊತ್ತು ಸಿಗುವುದೇ ಆಗ. ಜುಲೈನಲ್ಲಿ ಹೋಗು. ಕ್ಯಾಮೆರಾ ಒಯ್ಯಬೇಡ. ಸುಮ್ನೆ ಪಕ್ಕದಲ್ಲಿ ಕೂತು, ಬಲೆಯ ಒಂದು ತುದಿ ಹಿಡಿದುಕೋ. ಕಡಲ ಮಾತು ಅವರು ಹೇಗೆ ಆಡುತ್ತಾರೆ ಅಂತ ಕೇಳಿಸಿಕೋ. ಬಂದ ಮೇಲೆ ಎರಡನೇ ಕರಡು ಕಳಿಸು, ಆ ಎಂಟು ದೋಣಿಯ ದೃಶ್ಯದಿಂದಲೇ ಶುರು ಮಾಡಿ.

ನಿನ್ನ
ಅಕ್ಕ