ಮೂರು ದಿನ ಯಾರಿಗೂ ಗೊತ್ತಾಗಲಿಲ್ಲ ಅಂತ ಬರೆದಿದ್ದೀಯಲ್ಲ

ಪುಟ್ಟೀ, ಆಶೀರ್ವಾದ.

ಮನೆ ಸುದ್ದಿಯೆಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ, ಅದನ್ನು ಬಿಡು. ಪ್ರಮೋಷನ್ ವಿಷಯ ಓದಿ ಸಂತೋಷ ಆಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಇತ್ತಲ್ಲ, "ಹೋದ ವಾರ ಮೂರು ದಿನ ಜ್ವರ ಬಂದು ಮಲಗಿದ್ದೆ ದೊಡ್ಡಮ್ಮ, ಯಾರಿಗೂ ಗೊತ್ತಾಗಲಿಲ್ಲ" ಅಂತ. ಅದನ್ನು ಓದಿದ ಮೇಲೆ ಉಳಿದದ್ದು ಏನು ಓದಿದೆ ಅನ್ನೋದೇ ನೆನಪಿಲ್ಲ.

ಯಾರಿಗೂ ಅಂದರೆ ನನಗೂ ಗೊತ್ತಾಗಲಿಲ್ಲ, ಅಲ್ವಾ. ನೀನು ಹೂಡಿಯಲ್ಲಿ, ನಾನು ಬನಶಂಕರಿಯಲ್ಲಿ. ಇಬ್ಬರೂ ಇದೇ ಬೆಂಗಳೂರು. ನೀನು ಎದ್ದು ನೀರು ಕುಡಿಯೋಕೂ ಆಗದೆ ಮಲಗಿದ್ದಾಗ ನಾನಿಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ.

ನಾವು ಚಾಮರಾಜಪೇಟೆಯ ವಠಾರದಲ್ಲಿದ್ದದ್ದು ನಿನಗೆ ಗೊತ್ತು. ನನಗೆ ಆ ಜಾಗ ಕಂಡರೆ ಆಗುತ್ತಿರಲಿಲ್ಲ ಅನ್ನೋದು ಗೊತ್ತಿಲ್ಲ. ಒಂಬತ್ತು ಮನೆಗೆ ಒಂದೇ ನಲ್ಲಿ. ಏನು ಒಗ್ಗರಣೆ ಹಾಕಿದೆ ಅಂತ ಪಕ್ಕದ ಮನೆಗೆ ಗೊತ್ತು, ನಮ್ಮಿಬ್ಬರ ಮಾತು ಸ್ವಲ್ಪ ಜೋರಾದರೆ ವಠಾರಕ್ಕೆಲ್ಲ ಗೊತ್ತು. ಕೊನೆ ಮನೆಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಬೆಳಗಿನ ಜಾವ ನೀರು ಬರುವ ಹೊತ್ತಿಗೆ ಅವರ ಹಿತ್ತಾಳೆ ಬಿಂದಿಗೆ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ಕೂತಿರುತ್ತಿತ್ತು. ಒಂದು ದಿನ ಬಿಂದಿಗೆ ಇರಲಿಲ್ಲ. ಯಾರೂ ಏನೂ ಮಾತಾಡಲಿಲ್ಲ, ಇಬ್ಬರು ಹೆಂಗಸರು ಸೀದಾ ಹೋಗಿ ಬಾಗಿಲು ಬಡಿದರು. ಅಜ್ಜಿ ಅಡುಗೆಮನೆ ಹೊಸಿಲ ಹತ್ತಿರ ಬಿದ್ದಿದ್ದರು. ಬೆಳಕು ಹರಿಯೋದರೊಳಗೆ ಆಸ್ಪತ್ರೆಗೆ ಸೇರಿಸಿ ಆಗಿತ್ತು.

1989ರಲ್ಲಿ ಈ ಮನೆಗೆ ಬಂದೆವು. ಕಾಂಪೌಂಡು, ಗೇಟು, ಒಳಗೇ ನಲ್ಲಿ. ಇನ್ನು ಯಾರ ಕಣ್ಣೂ ಇಲ್ಲ ಅಂತ ನಾನು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಸುತ್ತ ಬರೀ ಖಾಲಿ ಸೈಟು, ನಿನ್ನ ದೊಡ್ಡಪ್ಪನಿಗೆ ಶಿಫ್ಟ್ ಡ್ಯೂಟಿ. ಬಾಣಂತನ ಮುಗಿಸಿಕೊಂಡು ಕೂಸನ್ನು ಎತ್ತಿಕೊಂಡು ವಾಪಸ್ ಬಂದ ಮೇಲೆ ಕೆಲವು ತಿಂಗಳು ನಾನು ಸರಿ ಇರಲಿಲ್ಲ ಪುಟ್ಟಿ. ಮಗು ಅತ್ತರೆ ಜೊತೆಗೆ ನಾನೂ ಅಳುತ್ತಿದ್ದೆ. ತಲೆ ಬಾಚದೆ ಎಷ್ಟೋ ದಿನ ಹಾಗೇ ಇರುತ್ತಿದ್ದೆ. ಊರಿಗೆ ಮಾತ್ರ ಇನ್‌ಲ್ಯಾಂಡ್ ಲೆಟರಿನಲ್ಲಿ "ನಾವು ಕ್ಷೇಮ" ಅಂತ ಬರೆದು ಹಾಕುತ್ತಿದ್ದೆ. ಇದನ್ನು ನಿನ್ನ ಅಮ್ಮನಿಗೂ ಇವತ್ತಿನವರೆಗೆ ಹೇಳಿಲ್ಲ. ಆಗ ಆ ಅಜ್ಜಿ ಯಾರ ಕೈಲೋ ಹೇಳಿ ಕಳಿಸಿದ್ದರು, ಮಗು ತೋರಿಸಿಕೊಂಡು ಹೋಗೇ ಅಂತ. ಹೋಗಲಿಲ್ಲ. ಹೋಗಿದ್ದರೆ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತಿತ್ತು.

ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದಲ್ಲಿ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ದೊಡ್ಡ ಡಾಕ್ಟರು, ಆಗಿದ್ದರಲ್ಲ, ಅವರು 2023ರಲ್ಲಿ ಒಂಟಿತನದ ಬಗ್ಗೆಯೇ ಒಂದು ವರದಿ ತಂದರು. ಜನರ ಒಡನಾಟ ಇಲ್ಲದೆ ಬದುಕೋದು ದಿನಕ್ಕೆ 15 ಸಿಗರೇಟ್‌ವರೆಗೂ ಸೇದಿದಷ್ಟೇ ಆಯಸ್ಸಿಗೆ ಕೆಟ್ಟದ್ದು ಅಂತ ಅದರಲ್ಲಿದೆ. ನೀನು ಸಿಗರೇಟ್ ಸೇದುತ್ತೀಯ ಅಂತ ಗೊತ್ತಾಗಿದ್ದರೆ ಮನೆಮಂದಿಯೆಲ್ಲ ಅವತ್ತೇ ಓಡಿ ಬರುತ್ತಿದ್ದೆವು. ಮೂರು ದಿನ ಒಬ್ಬಳೇ ಮಲಗಿದ್ದಕ್ಕೆ ಯಾರೂ ಬರಲಿಲ್ಲ.

ನೀನು ಕಳಿಸಿದ್ದ ನಿನ್ನ ರೂಮಿನ ಫೋಟೋ ಮತ್ತೆ ತೆಗೆದು ನೋಡಿದೆ. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ರೋಜರ್ ಉಲ್ರಿಚ್ ಅನ್ನುವ ಸಂಶೋಧಕರು 1984ರಲ್ಲಿ ಬರೆದದ್ದೊಂದಿದೆ, ಪಿತ್ತಕೋಶದ ಆಪರೇಷನ್ ಆದವರ ಬಗ್ಗೆ. 23 ಜನರ ಕಿಟಕಿಗೆ ಮರ ಕಾಣುತ್ತಿತ್ತು, 23 ಜನರಿಗೆ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರಂತೆ, ನೋವಿಗೆ ಕೊಡುವ ಜೋರು ಔಷಧಿಯೂ ಅವರಿಗೆ ಕಡಿಮೆ ಸಾಕಾಯಿತಂತೆ. ಬೆಳಕಿರುವ ರೂಮಿಗೆ ಬಾಡಿಗೆ ಜಾಸ್ತಿ ಅಂದರೆ ಆ ಜಾಸ್ತಿಯನ್ನು ನಾನು ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಆದರೆ ಕಿಟಕಿಯಿಂದಲೇ ಎಲ್ಲ ಸರಿಹೋಗುತ್ತೆ ಅಂತ ಹೇಗೆ ಹೇಳಲಿ. ನಮ್ಮ ಈ ಮನೆಗೆ ನಾಲ್ಕೂ ಕಡೆ ಕಿಟಕಿ, ಎದುರಿಗೆ ಹೊಂಗೆ ಮರ ಇತ್ತು. ಬಾಗಿಲು ಬಡಿಯುವವರು ಇರಲಿಲ್ಲ.

ರಾತ್ರಿ ತಟ್ಟೆ ಹಿಡಿದುಕೊಂಡು ರೂಮಿಗೆ ಹೋಗಬೇಡ. ಕೆಳಗೆ ಎಲ್ಲರ ಜೊತೆ ಕೂತು ತಿನ್ನು, ದಿನಾ ಅದೇ ಜಾಗದಲ್ಲಿ. ಒಂದು ದಿನ ನೀನು ಬರದಿದ್ದರೆ ಆ ಜಾಗ ಖಾಲಿ ಅಂತ ಯಾರಿಗಾದರೂ ಕಾಣಬೇಕು. ಪಿಜಿ ಆಂಟಿಗೆ ನನ್ನ ನಂಬರ್ ಕೊಟ್ಟಿಡು. ಇನ್ನೊಂದು ಮಾತು, ತಪ್ಪು ತಿಳಿಯಬೇಡ, ಮನಸ್ಸು ತುಂಬಾ ಭಾರ ಅನ್ನಿಸಿದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ಫೋನ್ ನಂಬರ್ 14416. ದುಡ್ಡಿಲ್ಲ, ರಾತ್ರಿ ಎಷ್ಟು ಹೊತ್ತಿಗಾದರೂ ಸರಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿನಗೆ ಬೇಕಾಗಿದೆ ಅಂತ ಅಲ್ಲ. ಆಗ ನನಗೆ ಬೇಕಿತ್ತು, ಅದಕ್ಕೆ ಹೇಳಿದೆ.

ಬೆಳಗ್ಗೆ ಎದ್ದ ತಕ್ಷಣ ನನಗೊಂದು ಮೆಸೇಜ್ ಹಾಕು. ಏನೂ ಬರೆಯಬೇಕಿಲ್ಲ, ಸುಮ್ನೆ ಒಂದು ಚುಕ್ಕಿ ಇಟ್ಟರೂ ಸಾಕು. ಒಂಬತ್ತು ಗಂಟೆಗೂ ಬರಲಿಲ್ಲ ಅಂದರೆ ಫೋನ್ ಮಾಡುತ್ತೇನೆ, ನೀನು ಎತ್ತದಿದ್ದರೆ ಹೊರಟೇಬಿಡುತ್ತೇನೆ. ಮೆಟ್ರೋದಲ್ಲಿ ಹೋಗಿ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಲೈನ್ ಹತ್ತಿದರೆ ಹೂಡಿ ಬರುತ್ತದಂತೆ, ಕೇಳಿಕೊಂಡಿದ್ದೇನೆ. ಈ ಭಾನುವಾರ ಹೇಗೂ ಬರುತ್ತೇನೆ. ಮೂರನೇ ಮಹಡಿ ಅಂದಿದ್ದೆ. ರೂಮ್ ನಂಬರ್ ಇವತ್ತೇ ಕಳಿಸು, ನನ್ನ ಹತ್ತಿರ ಅದೂ ಇಲ್ಲ.

ನಿನ್ನ ದೊಡ್ಡಮ್ಮ