ಗುಡಾಣದ ಕಂಠದಲ್ಲಿ ನಿಂತ ನಾಲ್ಕು ಕಾಳು

ಮಕ್ಕಳಿಗಾಗಿ ನಾನು ಬರೆದ ಗ್ರೀಕ್ ಪುರಾಣದ ಕತೆಗಳು ಮೊನ್ನೆ ಅಚ್ಚಿಗೆ ಹೋದವು. 22 ಕತೆ, ಐದು ವರ್ಷ. ಕೃತಜ್ಞತೆಗೆ ಅಂತ ಪುಸ್ತಕದಲ್ಲಿ ಅರ್ಧ ಪುಟ ಬಿಟ್ಟಿದ್ದರು. ಅದರಲ್ಲಿ ಹೆಸರುಗಳಷ್ಟೇ ಹಿಡಿದವು. ಯಾರು ಏನು ಮಾಡಿದರು ಅನ್ನೋದು ಹಿಡಿಯಲಿಲ್ಲ. ಹೇಳದೆ ನನಗೆ ಸಮಾಧಾನ ಇಲ್ಲ, ಅದಕ್ಕೇ ಈ ಬರಹ.

ಮೊದಲು ಪಕ್ಕದ ಮನೆ ಅಜ್ಜಿಗೆ.

ಪಂಡೋರಾ ಕತೆಯನ್ನು ನಾನೂ ಎಲ್ಲರ ಹಾಗೆ ‘ಪೆಟ್ಟಿಗೆ’ ಅಂತಲೇ ಬರೆದಿದ್ದೆ. ಅವಳು ಮುಚ್ಚಳ ತೆಗೆದಳು, ರೋಗ ರುಜಿನ ಕಷ್ಟಗಳೆಲ್ಲ ಹೊರಗೆ ಹಾರಿದವು, ಭರವಸೆ ಒಂದು ಒಳಗೇ ಉಳಿಯಿತು. ಆಮೇಲೆ ನೋಡಿದರೆ, ಹೆಸಿಯಡ್ ಎಂಬ ಹಳೆಯ ಕವಿ ಪೆಟ್ಟಿಗೆ ಅಂದೇ ಇಲ್ಲ. ಅವನು ಹೇಳಿದ್ದು ‘ಪಿಥೊಸ್’. ಎಣ್ಣೆ, ಧಾನ್ಯ, ದ್ರಾಕ್ಷಾರಸ ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. 16ನೇ ಶತಮಾನದಲ್ಲಿ ಎರಾಸ್ಮಸ್ ಎಂಬ ಪಂಡಿತ ಇದೇ ಕತೆಯನ್ನು ಲ್ಯಾಟಿನ್‌ನಲ್ಲಿ ಹೇಳುವಾಗ ಅದು ‘ಪಿಕ್ಸಿಸ್’ ಆಯಿತು, ಅಂದರೆ ಡಬ್ಬಿ. ಅಲ್ಲಿಂದ ಇವತ್ತಿನವರೆಗೂ ಡಬ್ಬಿಯೇ.

ಕನ್ನಡದಲ್ಲಿ ಏನನ್ನೋದು? ಮಡಕೆ ಅಂದರೆ ತೀರಾ ಚಿಕ್ಕದು. ಕುಂಭ ಅಂದರೆ ಪೂಜೆ ನೆನಪಾಗುತ್ತದೆ. ಅಜ್ಜಿಯ ಹತ್ತಿರ ಸುಮ್ನೆ ಹೇಳಿಕೊಂಡೆ. “ಗುಡಾಣ ಅನ್ನು, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ” ಅಂದರು. ಅವರ ತವರಿನಲ್ಲಿ ರಾಗಿ ತುಂಬಿಡುವ ಗುಡಾಣ ಇತ್ತಂತೆ. ಇನ್ನೊಂದು ತೊಡಕೂ ಇತ್ತು. ಭರವಸೆ ‘ಬಾಯಿಯ ಅಂಚಿನ ಕೆಳಗೆ’ ನಿಂತಿತು ಅಂತ ಹೆಸಿಯಡ್ ಹೇಳುತ್ತಾನೆ. ನನಗೆ ಅದು ಕಣ್ಣಿಗೆ ಕಟ್ಟಿರಲಿಲ್ಲ, ಆ ಸಾಲನ್ನೇ ಬಿಟ್ಟಿದ್ದೆ. ಅಜ್ಜಿಗೆ ತಕ್ಷಣ ಕಟ್ಟಿತು. “ಗುಡಾಣ ಬೋರಲು ಹಾಕಿದ್ರೂ ಕಂಠದೊಳಗೆ ನಾಲ್ಕು ಕಾಳು ನಿಂತೇ ನಿಲ್ತವೆ. ಕೈ ಹಾಕಿ ಬಳೀಬೇಕು.” ಬಿಟ್ಟ ಸಾಲು ವಾಪಸ್ ಬಂತು. ಜೊತೆಗೆ ಆ ನಾಲ್ಕು ಕಾಳೂ ಬಂದವು.

ಆಮೇಲೆ, ಬೈಬಲ್ ಓದೋದಕ್ಕೆ ಅಂತ ಗ್ರೀಕ್ ಕಲಿತ ಒಬ್ಬ ಫಾದರ್. ಹೆಸರುಗಳನ್ನು ಹೇಗೆ ಬರೆಯೋದು ಅಂತ ಕೇಳಲು ಹೋಗಿದ್ದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಇದ್ದದ್ದನ್ನೇ ಇಳಿಸಿಕೊಂಡಿದ್ದೆ ನೋಡಿ. ಅವರು ಒಂದು ಹಾಳೆಯಲ್ಲಿ ಗ್ರೀಕ್ ಅಕ್ಷರ ಬರೆದು ಪಕ್ಕದಲ್ಲಿ ಕನ್ನಡ ಬರೆಯುತ್ತಾ ಹೋದರು. ಹಳೆಯ ಗ್ರೀಕ್‌ನಲ್ಲಿ ಖ, ಥ, ಫ ಮೂರೂ ಮಹಾಪ್ರಾಣಗಳೇ. ನಮ್ಮಲ್ಲಿ ಆ ಅಕ್ಷರಗಳು ಸಿದ್ಧವಾಗಿವೆ. ಅದಕ್ಕಿಂತ ಖುಷಿಯ ವಿಷಯ ಅಂದರೆ ಎ ಮತ್ತು ಏ, ಒ ಮತ್ತು ಓ ಅವರಲ್ಲೂ ಬೇರೆ ಬೇರೆ ಅಕ್ಷರ. ಹಾಗಾಗಿ ದೇಮೇತೇರ್, ಪೆರ್ಸೆಫೊನೇ ಅಂತ ಬರೆದರೆ ಹ್ರಸ್ವ ದೀರ್ಘ ಎಲ್ಲ ಅದರದರ ಜಾಗದಲ್ಲಿ ಕೂರುತ್ತವೆ. ಪಂಡೋರಾ ಕೂಡ ಪಂದೋರಾ ಆದಳು. ನಾವೀಗ ಫ ಅಕ್ಷರವನ್ನು ಹಲ್ಲಿಗೆ ತುಟಿ ತಾಗಿಸಿ ಹೇಳುತ್ತೇವಲ್ಲ, ಗ್ರೀಕರೂ ಕೊನೆಗೆ ಹಾಗೇ ಹೇಳತೊಡಗಿದರಂತೆ. ಫಾದರ್ ಇದನ್ನು ಹೇಳಿ ಎಷ್ಟು ನಕ್ಕರು!

ಇನ್ನು ನಮ್ಮೂರಿನ ಗ್ರಂಥಾಲಯದ ಭಾನುವಾರದ ಮಕ್ಕಳು. ಪ್ರತಿ ಕತೆಯನ್ನೂ ಮೊದಲು ಇವರಿಗೇ ಓದುತ್ತಿದ್ದೆ. ಇವರಿಂದ ನಾನು ತಿಂದ ಬೈಗುಳ ಸ್ವಲ್ಪ ಅಲ್ಲ.

ಬೆಳೆಯ ದೇವತೆ ದೇಮೇತೇರ್‌ಳ ಮಗಳು ಪೆರ್ಸೆಫೊನೇಯನ್ನು ಪಾತಾಳದ ರಾಜ ಹೊತ್ತೊಯ್ದ ಮೇಲೆ, ಅಲ್ಲಿ ಅವಳು ತಿಂದ ದಾಳಿಂಬೆ ಕಾಳು ಆರು ಅಂತ ಓದಿದೆ. ಒಬ್ಬ ಹುಡುಗ ಎದ್ದು ನಿಂತು, ತನ್ನ ಪುಸ್ತಕದಲ್ಲಿ ನಾಲ್ಕು ಅಂತ ಇದೆ ಅಂದ. ಮನೆಗೆ ಬಂದು ಹುಡುಕಿದೆ. ಹೋಮರನ ಹೆಸರಿನಲ್ಲಿರುವ ಹಳೆಯ ಸ್ತೋತ್ರದಲ್ಲಿ ಒಂದೇ ಕಾಳು. ರೋಮಿನ ಕವಿ ಓವಿಡ್ ಒಂದು ಕಾವ್ಯದಲ್ಲಿ ಏಳು ಅಂದಿದ್ದಾನೆ, ಇನ್ನೊಂದರಲ್ಲಿ ಮೂರು. ಮುಂದಿನ ಭಾನುವಾರ ಇದನ್ನು ಹೇಳಿದರೆ, “ಒಬ್ನೇ ಎರಡು ಥರ ಹೇಳಿದ್ನಾ? ಸುಳ್ಳುಗಾರ!” ಅಂತ ತೀರ್ಪಾಯಿತು. ಪುಸ್ತಕದಲ್ಲಿ ಒಂದೇ ಕಾಳು ಉಳಿಸಿದ್ದೇನೆ. ಒಂದು ಕಾಳಿಗೆ ವರ್ಷದ ಮೂರರಲ್ಲೊಂದು ಭಾಗ ತಾಯಿಯಿಂದ ದೂರ ಇರಬೇಕು ಅಂದಾಗ ಮಕ್ಕಳು ಗಪ್‌ಚಿಪ್ ಆದರು.

ಮುಟ್ಟಿದ್ದೆಲ್ಲ ಚಿನ್ನವಾಗುವ ವರ ಪಡೆದ ಮಿಡಾಸ್ ರಾಜನ ವಿಷಯದಲ್ಲಿ ಜಗಳವೇ ಆಯಿತು. ಚಿನ್ನದ ಗೊಂಬೆಯಾದ ಮಗಳು ಓವಿಡ್‌ನಲ್ಲಿ ಇಲ್ಲ. 1851ರಲ್ಲಿ ಅಮೆರಿಕದ ನಥಾನಿಯಲ್ ಹಾಥಾರ್ನ್ ಮಕ್ಕಳಿಗೆ ಈ ಕತೆ ಹೇಳುವಾಗ ಅವಳಿಗೊಂದು ಹೆಸರೂ ಕೊಟ್ಟು ಕೂರಿಸಿದ. ನಾನು ಅವಳನ್ನು ತೆಗೆದೆ. “ಮಗಳಿಲ್ದಿದ್ರೆ ಅವನಿಗೆ ಬುದ್ಧಿ ಬರೋದು ಹೇಗೆ?” ಅಂತ ಒಬ್ಬಳು ಕಣ್ಣು ಕೆಂಪು ಮಾಡಿದಳು. ರೊಟ್ಟಿ ಕಚ್ಚಿದರೆ ಚಿನ್ನ, ಕುಡಿಯಲು ಹೋದರೆ ಗಂಟಲಲ್ಲಿ ಚಿನ್ನ. ಹಸಿವು ಸಾಕಲ್ವಾ ಅಂದೆ. ಅವಳು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ರಾಜನಿಗೆ ಕತ್ತೆ ಕಿವಿ ಮೂಡುವ ಭಾಗಕ್ಕೆ ಬಂದಾಗ ಮಾತ್ರ ಎಲ್ಲರೂ ಒಟ್ಟಿಗೆ ಕೂಗಿದರು, “ಇದು ನಮ್ಗೆ ಗೊತ್ತು!”

ಕಷ್ಟದ ಕಾಲವನ್ನೂ ಹೇಳಬೇಕು. ಒಂದು ಪ್ರಕಾಶನದವರು ಹಸ್ತಪ್ರತಿ ವಾಪಸ್ ಕಳಿಸಿದರು. ಪ್ರತಿ ಕತೆಯ ಕೊನೆಗೆ ನೀತಿ ಇರಲಿ, ನಾಯಿ ಸಾಯೋದು ಬೇಡ ಅಂತ ಷರತ್ತು. ಇನ್ನೊಬ್ಬರು ಒಂದು ಸಾಲೂ ಬರೆಯದೆ ಕಳಿಸಿದರು. ಹದಿನಾಲ್ಕು ತಿಂಗಳು ನಾನು ಆ ಕಡತ ಮುಟ್ಟಲಿಲ್ಲ.

ನಾಯಿ ಅಂದರೆ ಆರ್ಗೊಸ್. ಟ್ರಾಯ್ ಯುದ್ಧಕ್ಕೆ ಹೋಗಿದ್ದ ರಾಜ ಒಡಿಸ್ಸಿಯಸ್ ಇಪ್ಪತ್ತನೇ ವರ್ಷಕ್ಕೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಗೊಬ್ಬರದ ಗುಡ್ಡೆಯ ಮೇಲೆ ಮೈಗೆಲ್ಲ ಉಣ್ಣಿಹುಳ ಕಚ್ಚಿಕೊಂಡು ಬಿದ್ದಿದ್ದ ಮುದಿ ನಾಯಿ ಅವನ ಗುರುತು ಹಿಡಿಯುತ್ತದೆ. ಬಾಲ ಆಡಿಸುತ್ತದೆ, ಎದ್ದು ಬರಲು ಆಗುವುದಿಲ್ಲ. ಅವನು ಹತ್ತಿರ ಹೋದರೆ ವೇಷ ಬಯಲಾಗುತ್ತದೆ. ಮುಖ ತಿರುಗಿಸಿ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾನೆ. ನಾಯಿ ಅಲ್ಲೇ ಪ್ರಾಣ ಬಿಡುತ್ತದೆ. ಇದರಲ್ಲಿ ಸಾವು ತೆಗೆದರೆ ಏನು ಉಳಿಯಿತು, ಹೇಳಿ?

ಒಂದು ಹಂತದಲ್ಲಿ ಇದನ್ನೆಲ್ಲ ನಮ್ಮ ಕಡೆಗೇ ತಿರುಗಿಸಿಬಿಡೋಣ ಅಂತಲೂ ಅನಿಸಿತ್ತು. ಬಿ.ಎಂ.ಶ್ರೀಯವರು ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಏಜಾಕ್ಸ್‌ನನ್ನು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದರಲ್ಲ, ಹಾಗೆ. ಅಷ್ಟು ಕೈ ನನಗಿಲ್ಲ. ಬೇಡ ಅಂದಿದ್ದು ಅಪ್ಪ. “ಧರ್ಮರಾಯನ ನಾಯಿ ಅವನ ಜೊತೆ ನಡೀತು. ಈ ನಾಯಿ ಕಾಯ್ತಾ ಬಿದ್ದಿತ್ತು. ಎರಡೂ ಬೇರೆ ಕಣಮ್ಮ, ಕಲೆಸ್ಬೇಡ.”

ಮತ್ತೆ ಕಡತ ತೆಗೆಸಿದ್ದು ಒಂದು ಫೋನ್. ಗ್ರಂಥಾಲಯಕ್ಕೆ ಬರುತ್ತಿದ್ದ ಒಂದು ಮಗುವಿನ ತಾಯಿ. “ಮೇಡಂ, ಆ ಕಾಯ್ತಿದ್ದ ನಾಯಿ ಹೆಸರೇನು? ಬೀದಿ ಮರಿಗೆ ಅದೇ ಹೆಸರು ಬೇಕಂತೆ, ಬೆಳಗಿಂದ ಪ್ರಾಣ ತಿಂತಿದಾಳೆ.” ಹೇಳಿದೆ. ಅವತ್ತು ರಾತ್ರಿಯೇ ಬರೆಯಲು ಕೂತೆ. ಆ ಅಮ್ಮನಿಗೆ ಇದು ಗೊತ್ತೂ ಇಲ್ಲ. ಆ ಮರಿ ಈಗ ದೊಡ್ಡದಾಗಿದೆ, ಬೀದಿಯವರ ಬಾಯಲ್ಲಿ ಅದರ ಹೆಸರು ‘ಅರ್ಗು’.

ನಾಯಿಯನ್ನು ಸಾಯಲು ಬಿಟ್ಟ, ನೀತಿ ಕೇಳದ ಈಗಿನ ಪ್ರಕಾಶಕರಿಗೂ ನಮಸ್ಕಾರ. ‘ದೇಮೇತೇರ್’ ಇದ್ದದ್ದನ್ನು ತಿದ್ದಿ ತಿದ್ದಿ ‘ಡಿಮಿಟರ್’ ಮಾಡಿ, ನನ್ನ ಗೋಳಾಟ ಕೇಳಿ ಮತ್ತೆ ಮೊದಲಿನ ಹಾಗೇ ಮಾಡಿಕೊಟ್ಟ ಕರಡು ತಿದ್ದುವವರಿಗೆ ಎರಡು ನಮಸ್ಕಾರ.

ಕೊನೆಗೆ ಚಿತ್ರ ಬರೆದ ಹುಡುಗ. ಗುಡಾಣವನ್ನು ಅವನು ಮೂರು ಸಲ ಬರೆದ. ಮೊದಲನೆಯದು ನೀರಿನ ಬಿಂದಿಗೆ ಥರ ಇತ್ತು. ಎರಡನೆಯದು ಹೂದಾನಿ. ಆಮೇಲೆ ಕ್ರೀಟ್ ದ್ವೀಪದ ಕ್ನೊಸೊಸ್ ಅರಮನೆಯಲ್ಲಿ ಸಾಲಾಗಿ ನಿಂತಿರುವ ಗುಡಾಣಗಳ ಫೋಟೊ ಇಟ್ಟುಕೊಂಡು ಮೂರನೆಯದು ಬರೆದ. ಅದನ್ನು ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿ ತುಂಬಾ ಹೊತ್ತು ನೋಡಿದರು.

“ಮುಚ್ಚಳ ಎಲ್ಲಿ?” ಅಂದರು.

ಮುಚ್ಚಳ ಬರೆದಿರಲಿಲ್ಲ. ಹುಡುಗ ನಾಲ್ಕನೇ ಸಲ ಕೂತ.