ಆ ‘ಹೀ’ ಯಾರು?

ಪ್ರೀತಿಯ ತಂಗಿಗೆ,

ನಿನ್ನ ಕಥೆಯ ಇಂಗ್ಲಿಷ್ ಕರಡು ಓದಿದೆ. ಕನ್ನಡದಲ್ಲಿ ಬರೆದದ್ದನ್ನು ನೀನೇ ಇಂಗ್ಲಿಷಿಗೆ ತರುತ್ತಿರುವುದು ನನಗೆ ತುಂಬಾ ಖುಷಿ ಕೊಟ್ಟಿತು. ಸಂತೆಯ ಭಾಗ ಇಂಗ್ಲಿಷಿನಲ್ಲೂ ಕಳೆಗುಂದಿಲ್ಲ. ಎಡವಟ್ಟಾಗಿರುವುದು ಸರ್ವನಾಮಗಳಲ್ಲಿ. ಹಾಗಾಗಿ ಈ ಪತ್ರ ಪೂರ್ತಿ ಅವುಗಳ ಬಗ್ಗೆಯೇ.

ಇವು ಉದಾಸೀನದಿಂದ ಆದ ತಪ್ಪುಗಳಲ್ಲ. ಜಾಸ್ತಿ ಪಾಲು ಕನ್ನಡದಿಂದಲೇ ಬಂದಿವೆ. ಕನ್ನಡದಲ್ಲಿ ಸರಿಯಾಗಿದ್ದ ವಾಕ್ಯವನ್ನು ಹಾಗೇ ಎತ್ತಿ ಅಲ್ಲಿಟ್ಟಿದ್ದೀಯ. ಅದಕ್ಕೇ ಹೇಳುತ್ತೇನೆ, ಇಂಗ್ಲಿಷ್ ವ್ಯಾಕರಣದ ನಿಯಮಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡ. ಆ ಜಾಗದಲ್ಲಿ ಕನ್ನಡ ಏನು ಮಾಡುತ್ತಿದೆ ಅಂತ ನೋಡು. ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತದೆ.

ಮೊದಲು, ಬಿಟ್ಟುಹೋದ ಸರ್ವನಾಮಗಳು. ‘ನಿನ್ನೆ ಬಂದಳು’ ಅಂದರೆ ನಮಗೆ ಸಾಕು. ಬಂದದ್ದು ಒಬ್ಬಳು ಹೆಂಗಸು ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಇದೆ. ಬಂದನು, ಬಂದೆವು, ಬಂದವು, ಎಲ್ಲವೂ ಹಾಗೆಯೇ. ಇಂಗ್ಲಿಷಿನ ‘ಕೇಮ್’ ಏನನ್ನೂ ಹೇಳುವುದಿಲ್ಲ. ಐ, ಶೀ, ದೇ ಯಾರೇ ಬಂದರೂ ಅದು ‘ಕೇಮ್’ ಮಾತ್ರ. ಇದು ನಿನಗೆ ಗೊತ್ತಿದೆ, ಬಹುತೇಕ ಕಡೆ ಸರಿಯಾಗಿಯೇ ಬರೆದಿದ್ದೀಯ. ಆದರೂ ಸಂತೆ ಮುಗಿಯುವ ಹೊತ್ತಿಗೆ ‘ವಾಸ್ ಗೆಟಿಂಗ್ ಡಾರ್ಕ್’ ಎಂದು ಬಂದುಬಿಟ್ಟಿದೆ. ‘ಕತ್ತಲಾಗುತ್ತಿತ್ತು’ ಅನ್ನುವ ಒಂದೇ ಪದಕ್ಕೆ ಕರ್ತೃ ಯಾರು ಅಂತ ನಾವು ಯಾರೂ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಅಲ್ಲೊಂದು ‘ಇಟ್’ ಬೇಕೇ ಬೇಕು. ಆ ‘ಇಟ್’ ಯಾವ ವಸ್ತುವನ್ನೂ ತೋರಿಸುವುದಿಲ್ಲ, ಆದರೂ ಬೇಕು.

ಇದಕ್ಕಿಂತ ಹೆಚ್ಚಾಗಿ ನಮ್ಮಿಂದ ಬಿಟ್ಟುಹೋಗುವುದು ಕರ್ಮದ ಜಾಗದ ಸರ್ವನಾಮ. ‘ಹಣ್ಣು ಕೊಂಡು ಮಗುವಿಗೆ ಕೊಟ್ಟಳು.’ ಏನನ್ನು ಕೊಟ್ಟಳು ಅಂತ ಮತ್ತೆ ಹೇಳಿದರೆ ಕನ್ನಡದಲ್ಲಿ ಮಾತು ಉದ್ದವಾಗುತ್ತದೆ. ನೀನು ‘ಶೀ ಬಾಟ್ ಮ್ಯಾಂಗೋಸ್ ಅಂಡ್ ಗೇವ್ ಟು ದ ಚೈಲ್ಡ್’ ಎಂದು ಬರೆದೆ. ‘ಗೇವ್’ ಆದ ಮೇಲೆ ‘ದೆಮ್’ ಬರಬೇಕು. ‘ಕಾಫಿ ಇಷ್ಟನಾ?’ ಅಂದರೆ ‘ಯೆಸ್, ಐ ಲೈಕ್’ ಅನ್ನುವುದೂ ಇದೇ ಜಾತಿಯ ತಪ್ಪು. ಗಿವ್, ಲೈಕ್, ಬ್ರಿಂಗ್, ಪುಟ್, ಇಂಥ ಕ್ರಿಯಾಪದ ಕಂಡ ಕೂಡಲೇ ‘ಏನನ್ನು?’ ಅಂತ ಕೇಳು. ಉತ್ತರ ವಾಕ್ಯದೊಳಗೆ ಇಲ್ಲದಿದ್ದರೆ ಸೇರಿಸು.

ಕೆಲವು ಕಡೆ ಇದರ ಉಲ್ಟಾ ಆಗಿದೆ. ‘ದ ಪಾಟ್ ವಿಚ್ ಶೀ ಬಾಟ್ ಇಟ್ ಅಟ್ ದ ಫೇರ್.’ ಕನ್ನಡದಲ್ಲಿ ಇದು ‘ಸಂತೆಯಲ್ಲಿ ಕೊಂಡ ಮಡಕೆ’ ಅಷ್ಟೇ. ಆ ‘ಕೊಂಡ’ ಎಲ್ಲವನ್ನೂ ಮಾಡುತ್ತದೆ. ‘ವಿಚ್’ ಥರದ ಪದ ನಮ್ಮ ದಿನದ ಮಾತಿನಲ್ಲಿ ಇಲ್ಲದ್ದರಿಂದ ಅದೊಂದೇ ಸಾಲದು ಅನ್ನಿಸುತ್ತದೆ, ಅಭ್ಯಾಸದಿಂದ ‘ಇಟ್’ ಕೂಡ ಸೇರಿಸುತ್ತೇವೆ. ಇಲ್ಲಿ ‘ಇಟ್’ ಮಾಡಬೇಕಾದ ಕೆಲಸವನ್ನು ‘ವಿಚ್’ ಆಗಲೇ ಮಾಡಿದೆ. ಅದನ್ನು ತೆಗೆದುಬಿಡು. ‘ಮೈ ಗ್ರ್ಯಾಂಡ್‌ಮದರ್ ಶೀ ಯೂಸ್ಡ್ ಟು ಸೇ’ ಅನ್ನುವಲ್ಲಿನ ‘ಶೀ’ ಕೂಡ ಬೇಡ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ನಿನ್ನ ಕಥೆಯ ಜಗಳದ ದೃಶ್ಯದಲ್ಲಿ ಈ ವಾಕ್ಯವಿದೆ: ‘ರವಿ ಟೋಲ್ಡ್ ಸುರೇಶ್ ದಟ್ ಹೀ ಹ್ಯಾಡ್ ಲಾಸ್ಟ್ ದ ಮನಿ.’

ದುಡ್ಡು ಕಳೆದವನು ಯಾರು? ಓದುಗರಿಗೆ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಈ ಗೊಂದಲ ಇರಲೇ ಇಲ್ಲ. ‘ದುಡ್ಡು ಕಳೆದದ್ದು ತಾನೇ ಎಂದು ರವಿ ಸುರೇಶನಿಗೆ ಹೇಳಿದ’ ಅಂತ ಎಷ್ಟು ಚೆನ್ನಾಗಿ ಬರೆದಿದ್ದೀಯ! ಶಾಲೆಯಲ್ಲಿ ಆತ್ಮಾರ್ಥಕ ಸರ್ವನಾಮ ಅಂತ ಓದಿದ್ದು ಇದನ್ನೇ. ‘ತಾನು’ ಹೇಳುವವನನ್ನು ತೋರಿಸುತ್ತದೆ. ಅಲ್ಲಿ ‘ಅವನೇ’ ಎಂದಿದ್ದರೆ ಬೆರಳು ಬೇರೆಯವನ ಕಡೆ ತಿರುಗುತ್ತಿತ್ತು. ಇಂಗ್ಲಿಷಿನ ‘ಹೀ’ಗೆ ಈ ಶಕ್ತಿ ಇಲ್ಲ. ಹಾಗಾಗಿ ರವಿಯ ತಪ್ಪೊಪ್ಪಿಗೆ ನಿನ್ನ ಇಂಗ್ಲಿಷಿನಲ್ಲಿ ಸುರೇಶನ ಮೇಲಿನ ಆರೋಪದ ಹಾಗೆ ಕಾಣುತ್ತಿದೆ. ಇಡೀ ಕಥೆ ನಿಂತಿರುವುದೇ ಆ ಒಪ್ಪಿಗೆಯ ಮೇಲೆ, ಅಲ್ವಾ? ಇಲ್ಲಿ ಎಡವಿದರೆ ಮುಂದಿನ ಎರಡು ಪುಟಕ್ಕೆ ಅರ್ಥವೇ ಇರುವುದಿಲ್ಲ.

‘ಹಿಮ್‌ಸೆಲ್ಫ್’ ಸೇರಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡ. ‘ಹೀ ಹಿಮ್‌ಸೆಲ್ಫ್’ ಕೂಡ ಇಬ್ಬರಲ್ಲಿ ಯಾರಿಗಾದರೂ ಅಂಟಿಕೊಳ್ಳಬಹುದು. ನಾನಾಗಿದ್ದರೆ ನೇರ ಮಾತು ಹಾಕುತ್ತಿದ್ದೆ: ‘ಐ ಲಾಸ್ಟ್ ದ ಮನಿ,’ ರವಿ ಟೋಲ್ಡ್ ಸುರೇಶ್. ‘ಐ’ ಬಂದ ತಕ್ಷಣ ಅನುಮಾನ ಮುಗಿಯಿತು. ನೇರ ಮಾತು ಬೇಡ ಅನ್ನಿಸಿದರೆ ಕ್ರಿಯಾಪದ ಬದಲಿಸು. ‘ಕನ್ಫೆಸ್ಡ್’ ಅಂದರೆ ತಪ್ಪು ಹೇಳಿದವನದ್ದೇ ಆಗುತ್ತದೆ. ಅದೂ ಆಗದಿದ್ದರೆ ಹೆಸರನ್ನೇ ಮತ್ತೊಮ್ಮೆ ಬರಿ. ಒಂದೇ ಹೆಸರು ಎರಡು ಸಲ ಬಂದರೆ ಚೆನ್ನಾಗಿರುವುದಿಲ್ಲ ಅಂತ ಕಲಿಸಿರುತ್ತಾರೆ. ಆ ಮಾತನ್ನು ಇಲ್ಲಿ ಕೇಳಬೇಡ. ಅರ್ಥ ಕೆಡುವುದಕ್ಕಿಂತ ಹೆಸರು ಮರುಕಳಿಸುವುದು ಎಷ್ಟೋ ಮೇಲು.

ಕರಡನ್ನು ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂರು. ಪ್ರತಿ ಹೀ, ಶೀ, ಇಟ್, ದೇ, ದಿಸ್‌ನಿಂದ ಅದು ಯಾರನ್ನು, ಏನನ್ನು ತೋರಿಸುತ್ತದೋ ಅಲ್ಲಿಗೆ ಒಂದು ಗೆರೆ ಎಳೆ. ಗೆರೆ ಎರಡು ಹೆಸರುಗಳ ನಡುವೆ ತಡವರಿಸಿದರೆ ವಾಕ್ಯ ತಿದ್ದು. ಕತ್ತಲಾಗುವ ‘ಇಟ್’ ಅಂಥದ್ದನ್ನು ಬಿಟ್ಟರೆ, ಗೆರೆ ಎಲ್ಲಿಗೂ ತಲುಪದಿದ್ದರೂ ತಿದ್ದು. ‘ದಿಸ್ ಮೇಡ್ ಹರ್ ಸ್ಯಾಡ್’ ಎಂದು ಎರಡು ಕಡೆ ಬರೆದಿದ್ದೀಯ. ಯಾವುದು? ಗಂಡನ ಮಾತೋ, ಮೌನವೋ? ‘ದಿಸ್ ಸೈಲೆನ್ಸ್’ ಅಂತ ಒಂದು ನಾಮಪದ ಸೇರಿಸಿದರೆ ವಾಕ್ಯ ಗಟ್ಟಿಯಾಗುತ್ತದೆ. ಈ ಕೆಲಸ ನಿಧಾನದ್ದು, ಬೇಜಾರೂ ಬರುತ್ತದೆ. ಆದರೂ ಬಿಡಬೇಡ. ಇಷ್ಟು ಫಲ ಕೊಡುವ ಬೇರೆ ತಿದ್ದುಪಡಿಯನ್ನು ನಾನು ಕಂಡಿಲ್ಲ.

ಇನ್ನು ‘ಅವರು’. ಅಜ್ಜ ಬಂದಾಗ ‘ದೇ ಸ್ಯಾಟ್ ಡೌನ್’ ಎಂದಿದ್ದೀಯ. ನಿನ್ನ ಗೌರವ ಅರ್ಥವಾಗುತ್ತದೆ, ಆದರೆ ಇಂಗ್ಲಿಷ್ ಓದುಗರು ಅಜ್ಜನ ಜೊತೆ ಬಂದ ಇನ್ನೊಬ್ಬರನ್ನು ಹುಡುಕುತ್ತಾರೆ. ಅಜ್ಜ ‘ಹೀ’ ಆಗಲಿ. ಗೌರವವನ್ನು ಬೇರೆ ಕಡೆ ತೋರಿಸು. ಅಜ್ಜ ಕೂರುವ ತನಕ ಯಾರೂ ಕೂರಲಿಲ್ಲ ಅಂತ ಒಂದು ಸಾಲು ಸೇರಿಸಿದರೆ ಸಾಕು.

ಡಾಕ್ಟರ ಕಥೆ ಬೇರೆ. ‘ಡಾಕ್ಟರು ಬಂದರು, ಅವರು ನಾಡಿ ನೋಡಿದರು.’ ಗಂಡೋ ಹೆಣ್ಣೋ ಅಂತ ಕನ್ನಡ ಕೇಳಲಿಲ್ಲ, ನೀನೂ ಯೋಚಿಸಲಿಲ್ಲ. ಇಂಗ್ಲಿಷಿನಲ್ಲಿ ಒಂದು ಪುಟದಲ್ಲಿ ‘ಹೀ’, ಮುಂದಿನ ಪುಟದಲ್ಲಿ ‘ಶೀ’ ಬಂದಿದೆ. ಆ ಪಾತ್ರ ಯಾರು ಅಂತ ಈಗ ತೀರ್ಮಾನ ಮಾಡು. ಒಬ್ಬರಿಗೇ ‘ದೇ’ ಬಳಸುವುದು ತಪ್ಪು ಅಂತ ಯಾರಾದರೂ ಗದರಿಸಿದರೆ ಹೆದರಬೇಡ. 14ನೇ ಶತಮಾನದಿಂದಲೂ ಆ ಬಳಕೆ ಇದೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ‘ದೇ’ಯನ್ನೇ ವರ್ಷದ ಪದವಾಗಿ ಆರಿಸಿದರು. ಗಂಡೋ ಹೆಣ್ಣೋ ಗೊತ್ತಿಲ್ಲದಾಗ, ಅಥವಾ ಆ ವ್ಯಕ್ತಿಯೇ ತನ್ನನ್ನು ಹಾಗೆ ಕರೆಯಿರಿ ಎಂದಾಗ ಅದನ್ನು ಬಳಸಬೇಕು. ಗೌರವಕ್ಕಾಗಿ ಅಲ್ಲ.

ನಮ್ಮ ಕಾನೂನು ಕೂಡ ಈ ತೊಡಕನ್ನು ಎದುರಿಸಿದೆ. 1860ರ ಭಾರತೀಯ ದಂಡ ಸಂಹಿತೆಯ 8ನೇ ಸೆಕ್ಷನ್, ‘ಹೀ’ ಅಂದರೆ ಗಂಡಾಗಲಿ ಹೆಣ್ಣಾಗಲಿ ಯಾವ ವ್ಯಕ್ತಿಯೂ ಆಗಬಹುದು ಎಂದಿತು. ಅದರ ಜಾಗಕ್ಕೆ ಬಂದ 2023ರ ಭಾರತೀಯ ನ್ಯಾಯ ಸಂಹಿತೆ ತೃತೀಯ ಲಿಂಗಿಗಳನ್ನೂ ಆ ಮಾತಿಗೆ ಸೇರಿಸಿತು. ಕಾನೂನಿಗೆ ಹೀಗೆ ಮೊದಲೇ ಬರೆದಿಟ್ಟುಕೊಳ್ಳುವ ಅನುಕೂಲವಿದೆ. ಕಥೆಗೆ ಇಲ್ಲ.

ಪತ್ರಿಕೆಯ ಸಂಪಾದಕರಿಗೆ ಬರೆದ ಕವರ್ ಲೆಟರ್ ಕೂಡ ನೋಡಿದೆ. ‘ಮೈಸೆಲ್ಫ್’ ಅಂತ ಪರಿಚಯ ಶುರು ಮಾಡಬೇಡ, ‘ಐ ಆಮ್’ ಸಾಕು. ‘ಮಿ ಅಂಡ್ ಮೈ ಸಿಸ್ಟರ್ ವೆಂಟ್’, ‘ಬಿಟ್ವೀನ್ ಯು ಅಂಡ್ ಐ’, ಇಂಥ ಕಡೆ ಜೊತೆಯವರನ್ನು ತೆಗೆದು ಓದು. ‘ಮಿ ವೆಂಟ್’ ಅನ್ನುತ್ತೀಯಾ? ಇಲ್ಲ. ಹಾಗಾಗಿ ‘ಮೈ ಸಿಸ್ಟರ್ ಅಂಡ್ ಐ’. ‘ಬಿಟ್ವೀನ್’ ಆದ ಮೇಲೆ ಯಾವಾಗಲೂ ‘ಮಿ’. ಕೊನೆಯ ‘ಯುವರ್ಸ್’ನಲ್ಲಿ ಎಸ್ ಅಕ್ಷರಕ್ಕೆ ಮೊದಲು ಅಪಾಸ್ಟ್ರಫಿಯ ಕೊಕ್ಕೆ ಬೇಡ. ‘ಅದರ’ ಅನ್ನುವ ಅರ್ಥದ ‘ಇಟ್ಸ್’ಗೂ ಬೇಡ. ‘ಕೈಂಡ್ಲಿ ಕನ್ಫರ್ಮ್ ದ ಸೇಮ್’ ಅನ್ನುವುದು ಆಫೀಸಿನ ಕಾಗದದ ಭಾಷೆ, ಅಲ್ಲೂ ‘ಇಟ್’ ಸಾಕು.

ಒಂದು ಜಾಗಕ್ಕೆ ಮಾತ್ರ ನನ್ನಲ್ಲಿ ಸಿದ್ಧ ಉತ್ತರ ಇಲ್ಲ. ಕೊನೆಗೆ ಸೊಸೆ ಅತ್ತೆಗೆ ಮೊದಲ ಸಲ ‘ನೀವು’ ಬಿಟ್ಟು ‘ನೀನು’ ಅನ್ನುತ್ತಾಳಲ್ಲ, ಕನ್ನಡದಲ್ಲಿ ಓದುವಾಗ ಎದೆ ಝಲ್ಲೆಂದಿತು. ಇಂಗ್ಲಿಷಿನಲ್ಲಿ ಎರಡೂ ‘ಯು’. ಹಿಂದೆ ಅವರಲ್ಲೂ ಏಕವಚನದ ‘ದೌ’ ಇತ್ತು, 17ನೇ ಶತಮಾನದಲ್ಲಿ ಅದು ಸಾಮಾನ್ಯ ಮಾತಿನಿಂದ ಹೆಚ್ಚುಕಡಿಮೆ ಮರೆಯಾಯಿತು. ಈಗ ಬಳಸಿದರೆ ನಿನ್ನ ಸೊಸೆ ಹಳೆಯ ಬೈಬಲ್ ಓದಿದ ಹಾಗಾಗುತ್ತದೆ. ಹಾಗಾಗಿ ಕಥೆಯ ಉದ್ದಕ್ಕೂ ಅವಳು ಪ್ರತಿ ಮಾತಿಗೂ ‘ಅತ್ತೆ’ ಅನ್ನಲಿ, ಆ ಪದವನ್ನು ಇಂಗ್ಲಿಷಿನಲ್ಲೂ ಹಾಗೇ ಇಟ್ಟುಕೋ. ಕೊನೆಯ ಮಾತಿನಲ್ಲಿ ಹೆಸರು ಹಿಡಿದೇ ಕರೆಯಲಿ. ಪೂರ್ತಿ ಅಲ್ಲದಿದ್ದರೂ ಆ ಪೆಟ್ಟಿನ ಅರ್ಧವಾದರೂ ಉಳಿದೀತು. ಇದಕ್ಕಿಂತ ಒಳ್ಳೆಯ ದಾರಿ ನಿನಗೆ ಹೊಳೆದರೆ ಹಾಗೇ ಮಾಡು, ಮುಂದಿನ ಕರಡಿನಲ್ಲಿ ನಾನು ಮೊದಲು ಓದುವುದು ಆ ಪುಟವನ್ನೇ.

ಪ್ರೀತಿಯಿಂದ,
ನಿನ್ನ ಅಕ್ಕ